ಮಾವು ಬೆಳೆಗಾರರ ಸ್ವಂತ ಜಾಲತಾಣ: ಹೆಸರಿನ ನೋಂದಣಿ ಮತ್ತು ನಿರ್ವಹಣೆ

ಮಾವಿನ ಹಣ್ಣನ್ನು ಮಂಡಿಗೆ ಹಾಕದೆ, ಮೂರು ಕಿಲೋ ಐದು ಕಿಲೋ ಪೆಟ್ಟಿಗೆಗಳಲ್ಲಿ ತುಂಬಿ ನೇರವಾಗಿ ಪಟ್ಟಣದ ಮನೆಗಳಿಗೆ ಮುಟ್ಟಿಸುವ ಪದ್ಧತಿಯನ್ನು ಶ್ರೀನಿವಾಸಪುರ, ಚಿಂತಾಮಣಿ, ರಾಮನಗರ ಭಾಗಗಳ ಕೆಲವು ಬೆಳೆಗಾರರು ಈಚಿನ ವರ್ಷಗಳಲ್ಲಿ ರೂಢಿಸಿಕೊಂಡಿದ್ದಾರೆ. ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ತೆರೆದ 'ಕರ್ಸಿರಿ' ಜಾಲತಾಣವೂ, ಅಂಚೆ ಇಲಾಖೆಯ ಮೂಲಕ ಬೆಂಗಳೂರಿನ ಮನೆಬಾಗಿಲಿಗೆ ಪೆಟ್ಟಿಗೆಗಳನ್ನು ತಲುಪಿಸಿದ ವ್ಯವಸ್ಥೆಯೂ ಇದಕ್ಕೆ ಒತ್ತಾಸೆಯಾದವು. ಹೀಗೆ ಮಾರುವವರಿಗೆ ಮರದ ಮೇಲಿನ ಫಸಲಿನಷ್ಟೇ ಬೆಲೆಬಾಳುವ ಇನ್ನೊಂದು ಆಸ್ತಿಯಿದೆ. ಹಿಂದಿನ ವರ್ಷ ಹಣ್ಣು ತಿಂದು ಮೆಚ್ಚಿದ ಗಿರಾಕಿಯೇ ಆ ಆಸ್ತಿ.

ಈ ಗಿರಾಕಿಯು ಮುಂದಿನ ಏಪ್ರಿಲ್ ತಿಂಗಳಲ್ಲಿ ಅದೇ ತೋಟವನ್ನು ಹುಡುಕಿಕೊಂಡು ಬಂದಾಗ ಸಿಗಬೇಕಾದದ್ದು ಮುಖ್ಯ. ಮೊಬೈಲ್ ಸಂಖ್ಯೆ ಬದಲಾಗಿರಬಹುದು. ವಾಟ್ಸಾಪ್ ಗುಂಪು, ಫೇಸ್‌ಬುಕ್ ಪುಟ ಇವೆಲ್ಲ ಬೇರೆಯವರ ಜಮೀನಿನಲ್ಲಿ ಹಾಕಿದ ಚಪ್ಪರಗಳು. ಜಮೀನಿನವರು ತೆಗೆ ಎಂದರೆ ತೆಗೆಯಲೇಬೇಕು. ಉಚಿತವಾಗಿ ಸಿಗುವ ತಾಣಗಳ ವಿಷಯವೂ ಇದಕ್ಕೆ ಹೊರತಲ್ಲ. ಲಕ್ಷಾಂತರ ಜನ ಪುಟಗಳನ್ನು ಕಟ್ಟಿಕೊಂಡಿದ್ದ ಯಾಹೂ ಸಂಸ್ಥೆಯ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಮುಚ್ಚಿಹೋಯಿತು. ಗೂಗಲ್ ಸಂಸ್ಥೆಯು ಸಣ್ಣ ವ್ಯಾಪಾರಿಗಳಿಗೆ ಅವರ ವ್ಯಾಪಾರ ವಿವರದ ಜೊತೆಯಲ್ಲಿ ಬಿಟ್ಟಿಯಾಗಿ ಮಾಡಿಕೊಡುತ್ತಿದ್ದ ಪುಟ್ಟ ತಾಣಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಮಾವಿನವರಿಗೆ ಅದು ಸುಗ್ಗಿಯ ಹೊಸ್ತಿಲು. ಸ್ವಂತ ಹೆಸರನ್ನು ನೋಂದಾಯಿಸಿಕೊಂಡಿದ್ದವರು ಮಾತ್ರ ತಮ್ಮ ಪುಟಗಳನ್ನು ಬೇರೆಡೆ ಹೊಸದಾಗಿ ಕಟ್ಟಿ, ಹಳೆಯ ವಿಳಾಸವನ್ನೇ ಉಳಿಸಿಕೊಳ್ಳಲು ಸಾಧ್ಯವಾಯಿತು.

ಹೆಸರು ಬೇರೆ, ಜಾಗ ಬೇರೆ

ಜಾಲತಾಣ ಎಂದರೆ ಎರಡು ವಸ್ತುಗಳ ಕೂಡಿಕೆ. ಒಂದು ವಿಳಾಸದ ಹೆಸರು, ಅಂದರೆ ಡೊಮೇನ್. ಇನ್ನೊಂದು ಪುಟಗಳೂ ಚಿತ್ರಗಳೂ ಕುಳಿತಿರುವ ಕಂಪ್ಯೂಟರಿನ ಜಾಗ, ಅಂದರೆ ಹೋಸ್ಟಿಂಗ್. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಮುಂದಿನ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುತ್ತವೆ.

ಅಂತರಜಾಲದ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳ ಮೂಲಕ. ಅಂಕಿಗಳನ್ನು ಮನುಷ್ಯರು ನೆನಪಿಡಲಾರರಾದ್ದರಿಂದ ಅವುಗಳಿಗೆ ಹೆಸರು ಕೊಡುವ ವ್ಯವಸ್ಥೆಯನ್ನು 1983ರಲ್ಲಿ ಅಮೆರಿಕದ ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ ರೂಪಿಸಿದರು. ಮೊಬೈಲಿನಲ್ಲಿ 'ಗೊಬ್ಬರದಂಗಡಿ' ಎಂದು ಬರೆದಿಟ್ಟ ಹೆಸರನ್ನು ಒತ್ತಿದರೆ ಕರೆ ಹೋಗುವುದು ಅಂಗಡಿಯವರ ಸಂಖ್ಯೆಗೆ. ಅವರು ಸಂಖ್ಯೆ ಬದಲಾಯಿಸಿದರೆ ಆ ಹೆಸರಿನ ಮುಂದೆ ಹೊಸ ಸಂಖ್ಯೆ ಬರೆದರಾಯಿತು. ಡೊಮೇನ್ ಹೆಸರಿನ ಕೆಲಸವೂ ಇಷ್ಟೇ. ವ್ಯತ್ಯಾಸವೆಂದರೆ ಈ ಪಟ್ಟಿ ಇಡೀ ಜಗತ್ತಿಗೆ ಒಂದೇ. ಆದ್ದರಿಂದ ಒಂದು ಹೆಸರು ಒಬ್ಬರಿಗೆ ಮಾತ್ರ ಸಿಗುತ್ತದೆ.

ಜಗತ್ತಿನ ಮಟ್ಟದಲ್ಲಿ ಈ ಹೆಸರುಗಳ ಮೇಲ್ವಿಚಾರಣೆಯನ್ನು 1998ರಲ್ಲಿ ಸ್ಥಾಪನೆಯಾದ ಐಕ್ಯಾನ್ ಸಂಸ್ಥೆ ನೋಡಿಕೊಳ್ಳುತ್ತದೆ. ನಮ್ಮ ದೇಶದ 'ಡಾಟ್ ಇನ್' ಹೆಸರುಗಳು ನಿಕ್ಸಿ ಎಂದು ಕರೆಯಲ್ಪಡುವ ಭಾರತೀಯ ರಾಷ್ಟ್ರೀಯ ಇಂಟರ್‌ನೆಟ್ ವಿನಿಮಯ ಕೇಂದ್ರದ ಅಧೀನದಲ್ಲಿವೆ. 2005ರಿಂದ ಇವು ಸಾಮಾನ್ಯ ಜನರಿಗೂ ಸುಲಭವಾಗಿ ದೊರೆಯುತ್ತಿವೆ. ರೈತರು ಈ ಸಂಸ್ಥೆಗಳೊಡನೆ ನೇರವಾಗಿ ವ್ಯವಹರಿಸಬೇಕಿಲ್ಲ. ಅವುಗಳಿಂದ ಮಾನ್ಯತೆ ಪಡೆದ ರಿಜಿಸ್ಟ್ರಾರ್ ಕಂಪನಿಗಳಿವೆ. ಇಲ್ಲಿ ರಿಜಿಸ್ಟ್ರಾರ್ ಎಂದರೆ ಸರ್ಕಾರಿ ಅಧಿಕಾರಿಯಲ್ಲ, ಶುಲ್ಕ ಪಡೆದು ಹೆಸರನ್ನು ದಾಖಲೆ ಮಾಡಿಕೊಡುವ ವ್ಯಾಪಾರಿ.

ಹೆಸರಿನ ಆಯ್ಕೆ

ಹೆಸರು ಚಿಕ್ಕದಾಗಿರಬೇಕು, ಫೋನಿನಲ್ಲಿ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಬರೆದುಕೊಳ್ಳುವಂತಿರಬೇಕು. ನಿಯಮದ ಪ್ರಕಾರ 63 ಅಕ್ಷರಗಳವರೆಗೆ ಅವಕಾಶವಿದ್ದರೂ ಹದಿನೈದನ್ನು ದಾಟದಿರುವುದು ಲೇಸು. ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ನಡುವೆ ಅಡ್ಡಗೆರೆ ಬಳಸಬಹುದು. ಅಡ್ಡಗೆರೆ ಮೊದಲಿಗಾಗಲಿ ಕೊನೆಗಾಗಲಿ ಬರಕೂಡದು. ಸಾಧ್ಯವಾದರೆ ಅದನ್ನು ಪೂರ್ತಿ ಬಿಡುವುದೇ ಒಳ್ಳೆಯದು.

ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಂದು ತೊಡಕಿದೆ. 'ಮಾವಿನತೋಟ' ಎಂಬುದನ್ನೇ ನೋಡಿ. 'ಮಾ' ಬರೆಯಲು ಕೆಲವರು ಒಂದು 'ಎ' ಹಾಕಿದರೆ ಕೆಲವರು ಎರಡು ಹಾಕುತ್ತಾರೆ. 'ತೋ' ಬರೆಯಲು ಬರಿಯ 'ಟಿ' ಹಾಕುವವರೂ ಉಂಟು, 'ಟಿ' ಜೊತೆ 'ಎಚ್' ಸೇರಿಸುವವರೂ ಉಂಟು. ಹೀಗೆ ಒಂದೇ ಹೆಸರಿಗೆ ನಾಲ್ಕು ಕಾಗುಣಿತಗಳಾದವು. ಗಿರಾಕಿಯು ತಪ್ಪು ಕಾಗುಣಿತ ಹಾಕಿದರೆ ಇನ್ನೊಬ್ಬರ ತೋಟಕ್ಕೆ ಹೋಗಿ ನಿಲ್ಲುತ್ತಾನೆ. ಆದಕಾರಣ ದೀರ್ಘಸ್ವರ, ಮಹಾಪ್ರಾಣ ಹೆಚ್ಚಿಲ್ಲದ ಪದವನ್ನು ಆರಿಸಿ, ಮನೆಯ ನಾಲ್ಕೈದು ಜನರಿಗೆ ಹೆಸರನ್ನು ಬಾಯಲ್ಲಿ ಹೇಳಿ ಬರೆಸಿ ನೋಡಬೇಕು. ಎಲ್ಲರೂ ಒಂದೇ ರೀತಿ ಬರೆದರೆ ಹೆಸರು ಪಾಸಾಯಿತೆಂದು ತಿಳಿಯಬಹುದು.

ಕನ್ನಡ ಲಿಪಿಯಲ್ಲಿಯೇ ವಿಳಾಸ ಬೇಕೆನ್ನುವವರಿಗೆ 'ಡಾಟ್ ಭಾರತ' ಎಂಬ ಕನ್ನಡ ಅಕ್ಷರಗಳ ಕೊನೆಪದವೂ ಇದೆ. ನೋಡಲು ಅಂದವಾಗಿದೆ, ಕಾಗುಣಿತದ ಗೊಂದಲವೂ ಇಲ್ಲ. ಆದರೆ ಇಂಥ ವಿಳಾಸವನ್ನು ಎಲ್ಲ ತಂತ್ರಾಂಶಗಳೂ, ಮುಖ್ಯವಾಗಿ ಇ-ಮೇಲ್ ಸೇವೆಗಳು, ಸರಿಯಾಗಿ ಗುರುತಿಸುತ್ತವೆಂದು ಹೇಳಲಾಗದು. ಇದನ್ನು ಎರಡನೆಯ ಹೆಸರಾಗಿ ಇಟ್ಟುಕೊಂಡು ಮೊದಲನೆಯದಾಗಿ 'ಡಾಟ್ ಇನ್' ಅಥವಾ 'ಡಾಟ್ ಕಾಮ್' ಪಡೆಯುವುದು ಸದ್ಯಕ್ಕೆ ಸೂಕ್ತ.

ಬೇರೆಯವರ ಹೆಸರನ್ನು ಹೋಲುವ ಹೆಸರು ಬೇಡ. ಸತ್ಯಂ ಇನ್ಫೋವೇ ಕಂಪನಿಯು 'ಸಿಫಿ' ಎಂಬ ಪದ ಸೇರಿದ ಹೆಸರುಗಳನ್ನು 1999ರಲ್ಲಿ ನೋಂದಾಯಿಸಿತ್ತು. ಆ ಬಳಿಕ ಸಿಫಿನೆಟ್ ಸಲ್ಯೂಷನ್ಸ್ ಎಂಬ ಇನ್ನೊಂದು ಕಂಪನಿ ಅದನ್ನೇ ಹೋಲುವ ಹೆಸರುಗಳನ್ನು ಬಳಸತೊಡಗಿದಾಗ ವ್ಯಾಜ್ಯವಾಯಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟು ಅದನ್ನು ತೆಗೆಯಿತು, 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮತ್ತೆ ಸಿಟಿ ಸಿವಿಲ್ ನ್ಯಾಯಾಲಯದ ಆಜ್ಞೆಯನ್ನೇ ಎತ್ತಿಹಿಡಿಯಿತು. ಜಾಲವಿಳಾಸವು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು, ಅದಕ್ಕೆ ಕಾನೂನಿನ ರಕ್ಷಣೆಯಿದೆ ಎಂಬುದು ಈ ತೀರ್ಪಿನ ಸಾರ. ಇದು ಎರಡು ಕಡೆಗೂ ಕೊಯ್ಯುವ ಕುಡುಗೋಲು. ರೈತನ ಹೆಸರನ್ನು ಇನ್ನೊಬ್ಬರು ಕದ್ದರೆ ರಕ್ಷಣೆ ಉಂಟು, ರೈತನೇ ಇನ್ನೊಬ್ಬರದನ್ನು ಬಳಸಿದರೆ ನೋಟೀಸೂ ಉಂಟು.

ಮಾವಿನವರು ಇನ್ನೊಂದು ಮಾತನ್ನು ಗಮನಿಸಬೇಕು. ನಮ್ಮ ಬಾದಾಮಿ ಮಾವು ತಳಿಯಲ್ಲಿ ಆಲ್ಫಾನ್ಸೋ ಒಂದೇ ಆದರೂ, 'ಆಲ್ಫಾನ್ಸೋ' ಎಂಬ ಹೆಸರಿಗೆ 2018ರಲ್ಲಿ ಮಹಾರಾಷ್ಟ್ರದ ರತ್ನಾಗಿರಿ, ಸಿಂಧುದುರ್ಗ ಮೊದಲಾದ ಕೊಂಕಣದ ಜಿಲ್ಲೆಗಳ ಪರವಾಗಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಕೋಲಾರದ ತೋಟಕ್ಕೆ ಆ ಹೆಸರಿನ ವಿಳಾಸ ಪಡೆದು, ಗಿರಾಕಿಗಳು ಕೂಡಿದ ಮೇಲೆ ಅದನ್ನು ಬಿಡಬೇಕಾಗಿ ಬಂದರೆ ನಷ್ಟ ದೊಡ್ಡದು. ಬಾದಾಮಿಯನ್ನು ಬಾದಾಮಿಯೆಂದೇ ಕರೆಯುವುದರಲ್ಲಿ ಕುಂದೇನೂ ಇಲ್ಲ. ವಿಳಾಸದಲ್ಲಿ ತಳಿಯ ಹೆಸರಿಗಿಂತ ತೋಟದ ಅಥವಾ ಮನೆತನದ ಹೆಸರಿದ್ದರೆ ಮುಂದೆ ಸೀಬೆ, ಹುಣಸೆ ಮಾರಲೂ ಬರುತ್ತದೆ.

ಯಾರ ಹೆಸರಿನಲ್ಲಿ ದಾಖಲೆ?

ಜಮೀನಿನ ಪಹಣಿ ಕೈಗೆ ಬಂದ ಕೂಡಲೆ ರೈತನ ಕಣ್ಣು ಹೋಗುವುದು ಒಂಬತ್ತನೆಯ ಕಾಲಮಿಗೆ. ಅಲ್ಲಿ ಯಾರ ಹೆಸರಿದೆಯೋ ಜಮೀನು ಅವರದು. ಹನ್ನೆರಡನೆಯ ಕಾಲಮಿನಲ್ಲಿ ಸಾಗುವಳಿ ಮಾಡುವವರ ಹೆಸರು ಬೇರೆಯಿರಬಹುದು. ಡೊಮೇನಿನ ದಾಖಲೆಯಲ್ಲಿಯೂ ಇಂಥ ಕಾಲಮುಗಳಿವೆ. 'ರಿಜಿಸ್ಟ್ರಂಟ್' ಎಂಬಲ್ಲಿ ಇರುವ ಹೆಸರು ಹಕ್ಕುದಾರನದು. ತಾಂತ್ರಿಕ ಸಂಪರ್ಕ ಎಂಬಲ್ಲಿ ತಾಣವನ್ನು ಕಟ್ಟಿಕೊಡುವವರ ಹೆಸರಿದ್ದರೆ ಅಡ್ಡಿಯಿಲ್ಲ.

ಹಳ್ಳಿಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನೆಂದರೆ, ಬೆಳೆಗಾರನು ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋಗಿ 'ಒಂದು ವೆಬ್‌ಸೈಟ್ ಮಾಡಿಕೊಡಿ' ಎಂದು ಗುತ್ತಿಗೆಗೆ ಕೊಡುತ್ತಾನೆ. ಅಂಗಡಿಯವನು ತನ್ನ ಖಾತೆಯಿಂದ, ತನ್ನ ಇ-ಮೇಲ್ ಕೊಟ್ಟು, ತನ್ನ ಹೆಸರಿನಲ್ಲೇ ನೋಂದಾಯಿಸುತ್ತಾನೆ. ಇದರಲ್ಲಿ ಮೋಸದ ಉದ್ದೇಶವೇ ಇರಬೇಕೆಂದಿಲ್ಲ. ಹಾಗೆ ಮಾಡುವುದು ಅವನಿಗೆ ಸುಲಭ, ಅಷ್ಟೆ. ಎರಡು ವರ್ಷ ಎಲ್ಲವೂ ಸುಗಮ. ಮೂರನೆಯ ವರ್ಷ ಅಂಗಡಿ ಮುಚ್ಚಿತೆನ್ನಿ, ಇಲ್ಲವೆ ಅವನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದನೆನ್ನಿ. ನವೀಕರಣದ ನೋಟೀಸು ಅವನ ಇ-ಮೇಲಿಗೆ ಹೋಗುತ್ತದೆ, ಅವನು ನೋಡುವುದಿಲ್ಲ. ಪೆಟ್ಟಿಗೆಯ ಮೇಲೆ, ಬಿಲ್ಲಿನ ಮೇಲೆ, ತೋಟದ ಗೇಟಿನ ಮೇಲೆ ಬರೆಸಿದ ವಿಳಾಸ ಒಂದು ಬೆಳಿಗ್ಗೆ ತೆರೆಯುವುದಿಲ್ಲ. ರೈತನು ರಿಜಿಸ್ಟ್ರಾರ್ ಕಂಪನಿಗೆ ಫೋನು ಮಾಡಿದರೆ 'ದಾಖಲೆಯಲ್ಲಿ ನಿಮ್ಮ ಹೆಸರಿಲ್ಲ' ಎಂಬ ಉತ್ತರ ಬರುತ್ತದೆ. ಕಾನೂನಿನಂತೆ ಆ ಉತ್ತರ ಸರಿಯೇ.

ಆದ್ದರಿಂದ ನೋಂದಣಿಯನ್ನು ರೈತನೇ ಕುಳಿತು ಮಾಡಿಸತಕ್ಕದ್ದು. ಖಾತೆ ತೆರೆಯುವಾಗ ಹಕ್ಕುದಾರನ ಪೂರ್ಣ ಹೆಸರು, ಅಂಚೆ ವಿಳಾಸ, ಮನೆಯಲ್ಲಿ ದಿನವೂ ನೋಡುವ ಇ-ಮೇಲ್, ರೀಚಾರ್ಜ್ ನಿಲ್ಲದ ಮೊಬೈಲ್ ಸಂಖ್ಯೆ ಕೊಡಬೇಕು. ಮೊಬೈಲ್ ಸಂಖ್ಯೆ ನಿಂತುಹೋದರೆ ಓಟಿಪಿ ಬರುವುದಿಲ್ಲ, ಓಟಿಪಿ ಇಲ್ಲದೆ ಸ್ವಂತ ಖಾತೆಯ ಬಾಗಿಲೂ ತೆರೆಯದು. 'ಡಾಟ್ ಇನ್' ಹೆಸರಿಗೆ ಗುರುತಿನ ದಾಖಲೆ ಕೇಳಿದರೆ ಕೊಡಬೇಕು. ಬಿಲ್ಲು ರೈತನ ಹೆಸರಿನಲ್ಲಿಯೇ ಇರಲಿ. ನೋಂದಣಿಯಾದ ಕೆಲವು ದಿನಗಳೊಳಗೆ ಇ-ಮೇಲ್ ಖಾತ್ರಿಪಡಿಸಿರೆಂಬ ಪತ್ರ ಬಂದರೆ ಅಲಕ್ಷಿಸಬಾರದು, ಖಾತ್ರಿಯಾಗದ ಹೆಸರನ್ನು ತಡೆಹಿಡಿಯುವುದುಂಟು.

ಈಗಾಗಲೇ ತಾಣ ಇದ್ದವರು ದಾಖಲೆಯನ್ನು ಪರೀಕ್ಷಿಸಬೇಕು. ಐಕ್ಯಾನ್ ಸಂಸ್ಥೆಯ ಹುಡುಕುಪುಟದಲ್ಲಿ ವಿಳಾಸವನ್ನು ಹಾಕಿದರೆ ರಿಜಿಸ್ಟ್ರಾರ್ ಯಾರು, ಅವಧಿ ಎಂದು ಮುಗಿಯುತ್ತದೆ ಎಂಬುದು ಕಾಣುತ್ತದೆ. 2018ರಿಂದೀಚೆಗೆ 'ಡಾಟ್ ಕಾಮ್' ಮುಂತಾದವುಗಳಲ್ಲಿ ಹಕ್ಕುದಾರನ ಹೆಸರನ್ನು ಬಹುಮಟ್ಟಿಗೆ ಮರೆಮಾಡಿರುತ್ತಾರೆ. ಹಾಗಾಗಿ ಖಾತ್ರಿಯಾದ ಪರೀಕ್ಷೆ ಒಂದೇ: ರೈತನು ಯಾರ ನೆರವೂ ಇಲ್ಲದೆ ತನ್ನ ಗುಪ್ತಪದದಿಂದ ರಿಜಿಸ್ಟ್ರಾರ್ ಖಾತೆಯನ್ನು ತೆರೆದು ಅಲ್ಲಿ ತನ್ನ ಹೆಸರನ್ನು ಕಾಣಬಲ್ಲನೆ? ಇಲ್ಲವಾದರೆ ಅಂಗಡಿಯವನೊಡನೆ ಸ್ನೇಹ ಚೆನ್ನಾಗಿರುವಾಗಲೇ ಹೆಸರನ್ನು ವರ್ಗ ಮಾಡಿಸಿಕೊಳ್ಳುವುದು ಕ್ಷೇಮ. ಬೇರೆ ರಿಜಿಸ್ಟ್ರಾರ್ ಬಳಿಗೆ ಒಯ್ಯುವುದಾದರೆ ಆಥರೈಸೇಷನ್ ಕೋಡ್ ಎಂಬ ಗುಟ್ಟಿನ ಸಂಖ್ಯೆಯನ್ನು ಹಳೆಯವರಿಂದ ಕೇಳಿ ಪಡೆಯಬೇಕು. 'ಡಾಟ್ ಕಾಮ್' ಹೆಸರನ್ನು ಹೊಸದಾಗಿ ನೋಂದಾಯಿಸಿದ 60 ದಿನಗಳವರೆಗೆ ಹೀಗೆ ಒಯ್ಯಲು ಬರುವುದಿಲ್ಲ.

ಅವಧಿ ಮತ್ತು ನವೀಕರಣ

ಡೊಮೇನ್ ಹೆಸರನ್ನು ಕ್ರಯಕ್ಕೆ ಕೊಳ್ಳಲು ಬರುವುದಿಲ್ಲ. ಅದು ಒಂದು ವರ್ಷದಿಂದ ಹತ್ತು ವರ್ಷಗಳವರೆಗಿನ ಗುತ್ತಿಗೆ. ಗುತ್ತಿಗೆಯನ್ನು ಎಷ್ಟು ಸಲವಾದರೂ ಮುಂದುವರಿಸಬಹುದು. ವರ್ಷದ ಖರ್ಚು ಶೇಕಡ 18ರ ಜಿ.ಎಸ್.ಟಿ. ಸೇರಿ ಸುಮಾರಾಗಿ ಒಂದು ಚೀಲ ಡಿ.ಎ.ಪಿ. ಗೊಬ್ಬರದ ಬೆಲೆಯ ಆಸುಪಾಸಿನಲ್ಲಿರುತ್ತದೆ, 'ಡಾಟ್ ಇನ್' ಕೆಲವೆಡೆ ಅದಕ್ಕಿಂತ ಅಗ್ಗ. ಮೊದಲ ವರ್ಷ ಬಹಳ ಕಡಿಮೆ ದರ ತೋರಿಸಿ ಎರಡನೆಯ ವರ್ಷದಿಂದ ಹೆಚ್ಚು ವಸೂಲು ಮಾಡುವ ಕಂಪನಿಗಳಿವೆ. ಆದ್ದರಿಂದ ಕೇಳಬೇಕಾದದ್ದು ನವೀಕರಣದ ದರವನ್ನು.

ಅವಧಿ ತೀರಿದರೆ ಏನಾಗುತ್ತದೆಂಬುದನ್ನು 'ಡಾಟ್ ಕಾಮ್' ಉದಾಹರಣೆಯಿಂದ ತಿಳಿಯಬಹುದು. ರಿಜಿಸ್ಟ್ರಾರ್ ಸುಮಾರು ಒಂದು ತಿಂಗಳು ಮುಂಚೆ ಒಮ್ಮೆ, ಒಂದು ವಾರ ಮುಂಚೆ ಒಮ್ಮೆ ನೋಟೀಸು ಕಳುಹಿಸಬೇಕೆಂಬ ನಿಯಮವಿದೆ. ಹಣ ಕಟ್ಟದಿದ್ದರೆ ತಾಣ ನಿಲ್ಲುತ್ತದೆ. ಆನಂತರ ಹೆಚ್ಚೆಂದರೆ 45 ದಿನಗಳವರೆಗೆ ರಿಜಿಸ್ಟ್ರಾರ್ ಕಂಪನಿಯ ಮರ್ಜಿಯಂತೆ ಸಾಮಾನ್ಯ ದರದಲ್ಲಿ ನವೀಕರಿಸಲು ಅವಕಾಶ ಸಿಗಬಹುದು. ಕೆಲವರು ಈ ಸಮಯದಲ್ಲೇ ಹೆಸರನ್ನು ಹರಾಜಿಗಿಡುವುದೂ ಉಂಟು. ಬಳಿಕ 30 ದಿನಗಳ ಬಿಡುಗಡೆಯ ಅವಧಿ, ಆಗ ದಂಡ ಬಹಳ ದುಬಾರಿ. ಕೊನೆಗೆ 5 ದಿನ ಏನೂ ಮಾಡಲು ಬಾರದ ಸ್ಥಿತಿ. ಅದು ಕಳೆದರೆ ಹೆಸರು ಬೀದಿಗೆ ಬಿತ್ತು, ಮೊದಲು ಕೈಹಾಕಿದವರದು. ಹಳೆಯ ಗಿರಾಕಿಗಳಿರುವ ಹೆಸರನ್ನು ಹಿಡಿಯಲೆಂದೇ ಕಾದಿರುವವರಿದ್ದಾರೆ. 'ಡಾಟ್ ಇನ್' ಹೆಸರಿಗೆ ದಿನಗಳ ಲೆಕ್ಕವನ್ನು ನೋಂದಣಿಯ ಹೊತ್ತಿನಲ್ಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ನೋಂದಾಯಿಸುವ ತಿಂಗಳಿಗೂ ಬೆಳೆಗೂ ಸಂಬಂಧವಿದೆ. ಮಾವಿನ ಬೆಳೆಗಾರರು ಏಪ್ರಿಲಿನಲ್ಲಿ ಅವಸರವಾಗಿ ಹೆಸರು ಪಡೆದರೆ ಪ್ರತಿ ವರ್ಷದ ಗಡುವು ಏಪ್ರಿಲಿಗೇ ಬೀಳುತ್ತದೆ. ಆಗ ಕೈಯಲ್ಲಿ ಹಣವೂ ಇರುವುದಿಲ್ಲ, ಔಷಧಿ ಸಿಂಪಡಣೆ, ಕೊಯ್ಲುಗಾರರ ಏರ್ಪಾಟಿನ ನಡುವೆ ಗಮನವೂ ಇರುವುದಿಲ್ಲ. ಮರೆತರೆ ತಾಣ ಮುಚ್ಚುವುದು ಹಣ್ಣು ಹದಕ್ಕೆ ಬಂದ ವಾರದಲ್ಲೇ. ಸುಗ್ಗಿ ಮುಗಿದು ಹಣ ಕೈಸೇರುವ ಆಗಸ್ಟಿನಲ್ಲಿ ನೋಂದಾಯಿಸುವುದು ಎಲ್ಲ ರೀತಿಯಿಂದಲೂ ಅನುಕೂಲ. ಪುಟಗಳನ್ನು ಸಾವಕಾಶವಾಗಿ ಸಿದ್ಧಪಡಿಸಲು ಏಳೆಂಟು ತಿಂಗಳು ಸಿಗುತ್ತದೆ, ಹುಡುಕುತಾಣಗಳಿಗೂ ಹೊಸ ವಿಳಾಸ ಪರಿಚಯವಾಗಿರುತ್ತದೆ. ಒಂದೊಳ್ಳೆ ಫಸಲು ಬಂದ ವರ್ಷ ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಡುವುದು ಜಾಣತನ.

ಕಾರ್ಡಿನಿಂದ ತಾನಾಗಿಯೇ ಹಣ ಹೋಗುವ ವ್ಯವಸ್ಥೆಯನ್ನು ಪೂರ್ತಿ ನಂಬಬಾರದು. 2021ರ ಅಕ್ಟೋಬರಿನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮಗಳಂತೆ ಇಂಥ ಪಾವತಿಗೆ ಮುಂಚಿತ ಒಪ್ಪಿಗೆ, ಮುನ್ಸೂಚನೆ ಎಲ್ಲ ಬೇಕು. ವಿದೇಶಿ ಕಂಪನಿಗಳಿಗೆ ಸಲ್ಲಬೇಕಾದ ಹಣ ನಡುವೆಯೇ ನಿಂತುಹೋಗುವುದುಂಟು. ಬೆಳೆಸಾಲದ ನವೀಕರಣದ ದಿನಾಂಕ ಬರೆದಿಡುವ ಗೋಡೆಯ ಕ್ಯಾಲೆಂಡರಿನಲ್ಲೇ ಇದನ್ನೂ ಬರೆಯಬೇಕು. ಪರಿಚಯವಿಲ್ಲದ ಕಂಪನಿಯಿಂದ 'ನಿಮ್ಮ ಹೆಸರಿನ ಅವಧಿ ಮುಗಿಯುತ್ತಿದೆ, ಕೂಡಲೆ ಹಣ ಕಟ್ಟಿರಿ' ಎಂದು ಪತ್ರ ಬಂದರೆ ಕಟ್ಟಬಾರದು. ಸ್ವಂತ ಖಾತೆಯನ್ನು ತೆರೆದು ದಿನಾಂಕ ನೋಡಿ, ಅಲ್ಲಿಯೇ ಕಟ್ಟಬೇಕು.

ತಾಣವನ್ನು ಕಟ್ಟುವುದು

ಹೆಸರು ಭದ್ರವಾದ ಮೇಲೆ ತಾಣ ಕಟ್ಟುವುದು ಕಷ್ಟದ ಕೆಲಸವಲ್ಲ. ತೋಟವೊಂದಕ್ಕೆ ನಾಲ್ಕು ಪುಟ ಸಾಕು. ಗೂಗಲ್ ಸೈಟ್ಸ್‌ನಂಥ ಉಚಿತ ಸಾಧನದಲ್ಲಿ ಕಾಲೇಜು ಓದುವ ಮಕ್ಕಳು ಇದನ್ನು ಒಂದೆರಡು ದಿನಗಳಲ್ಲಿ ಮಾಡಬಲ್ಲರು. ಹೆಚ್ಚು ಸೌಲಭ್ಯ ಬೇಕಾದವರು ಬಾಡಿಗೆ ಜಾಗ ಪಡೆದು ವರ್ಡ್‌ಪ್ರೆಸ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಸಬಹುದು, ಆದರೆ ಅದನ್ನು ಆಗಾಗ್ಗೆ ಹೊಸದಾಗಿಸುತ್ತಿರಬೇಕು, ಇಲ್ಲದಿದ್ದರೆ ಕಳೆ ನುಗ್ಗಿದಂತೆ ಕಿಡಿಗೇಡಿಗಳು ನುಗ್ಗುತ್ತಾರೆ. ಎಲ್ಲಿ ಕಟ್ಟಿದರೂ ಆ ಜಾಗದ ಗುರುತನ್ನು ರಿಜಿಸ್ಟ್ರಾರ್ ಖಾತೆಯ ಡಿ.ಎನ್.ಎಸ್. ಪುಟದಲ್ಲಿ ಬರೆದರೆ ಹೆಸರು ತಾಣಕ್ಕೆ ಸೇರುತ್ತದೆ. ಬದಲಾವಣೆ ಎಲ್ಲೆಡೆ ಹರಡಲು ಕೆಲವು ಗಂಟೆಗಳಿಂದ ಒಂದೆರಡು ದಿನ ಹಿಡಿಯಬಹುದು. ವಿಳಾಸದ ಪಕ್ಕ ಬೀಗದ ಚಿಹ್ನೆ ಬರಲು ಬೇಕಾದ ಪ್ರಮಾಣಪತ್ರ ಈಗ ಪುಕ್ಕಟೆಯಾಗಿಯೇ ದೊರೆಯುತ್ತದೆ, ಅದಕ್ಕೆ ಪ್ರತ್ಯೇಕ ಹಣ ಕೇಳಿದರೆ ಚೌಕಾಸಿ ಮಾಡಬೇಕು.

ಕನ್ನಡ ಬರಹವು ಯೂನಿಕೋಡ್‌ನಲ್ಲಿರಬೇಕು. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೆಯೇ ಅಂಟಿಸಿದರೆ ಗಿರಾಕಿಯ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ. ಮೊಬೈಲಿನಲ್ಲಿ ತೆಗೆದ ಚಿತ್ರವೊಂದು ಮೂರು ನಾಲ್ಕು ಎಂ.ಬಿ. ತೂಗುತ್ತದೆ. ಅದನ್ನು 200 ಕೆ.ಬಿ. ಒಳಗೆ ಇಳಿಸಿ ಹಾಕಿದರೆ ಪುಟ ಬೇಗ ತೆರೆಯುತ್ತದೆ.

ಪುಟದಲ್ಲಿ ಏನಿರಬೇಕು? ತೋಟದ ಊರು, ತಾಲ್ಲೂಕು, ದಾರಿ. ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ ಯಾವುದು ಯಾವ ವಾರಕ್ಕೆ ಬರುತ್ತದೆಂಬ ಅಂದಾಜು. ಪೆಟ್ಟಿಗೆಯ ನಿವ್ವಳ ತೂಕ, ದರ, ಆ ದರ ಯಾವ ದಿನಾಂಕದ್ದೆಂಬ ಸೂಚನೆ. ಹಣ್ಣು ಮಾಗಿಸುವ ಬಗೆಯನ್ನು ಬಿಡಿಸಿ ಬರೆಯುವುದು ಬಹಳ ಉಪಯುಕ್ತ. 'ಕಾರ್ಬೈಡ್ ಹಾಕಿಲ್ಲ' ಎಂದಷ್ಟೇ ಬರೆದರೆ ಸಾಲದು, ಕ್ಯಾಲ್ಸಿಯಂ ಕಾರ್ಬೈಡನ್ನು ಕಾನೂನೇ ನಿಷೇಧಿಸಿದೆ. ಹುಲ್ಲಿನಲ್ಲಿ ಎಷ್ಟು ದಿನ ಇಡಲಾಗುತ್ತದೆ, ಅಥವಾ ಕೋಣೆಯಲ್ಲಿ ಅನುಮತಿಯಿರುವ 100 ಪಿಪಿಎಂ ಮಿತಿಯೊಳಗೆ ಎಥಿಲೀನ್ ಅನಿಲ ಬಳಸಲಾಗುತ್ತದೆಯೇ ಎಂಬುದನ್ನು ಹೇಳಿದರೆ ಗಿರಾಕಿಗೆ ನಂಬಿಕೆ ಬರುತ್ತದೆ. ದೃಢೀಕರಣವಿಲ್ಲದೆ 'ಸಾವಯವ' ಎಂದು ಬರೆಯುವುದು ಸಲ್ಲದು. ಉಪ್ಪಿನಕಾಯಿ, ಮಾವಿನ ಹಪ್ಪಳ ಮಾರುವವರು ಆಹಾರ ಸುರಕ್ಷತಾ ನೋಂದಣಿ ಪಡೆದು ಅದರ ಸಂಖ್ಯೆಯನ್ನು ಪುಟದಲ್ಲಿ ಕಾಣಿಸಬೇಕು.

ಪುಟಗಳ ಒಂದು ನಕಲನ್ನು, ಚಿತ್ರಗಳ ಸಹಿತ, ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿರಬೇಕು. ಹೋಸ್ಟಿಂಗ್ ಕಂಪನಿ ಕೈಕೊಟ್ಟರೂ ಹೆಸರು ಮತ್ತು ನಕಲು ಎರಡೂ ಕೈಯಲ್ಲಿದ್ದರೆ ಕೆಲವೇ ದಿನಗಳಲ್ಲಿ ಬೇರೆಡೆ ತಾಣ ಎದ್ದು ನಿಲ್ಲುತ್ತದೆ.

ಕುಟುಂಬದವರಿಗೆ ತಿಳಿದಿರಬೇಕಾದ ವಿವರ

ಜಮೀನಿನ ಹಕ್ಕುದಾರರು ತೀರಿಕೊಂಡಾಗ ಪೌತಿ ಖಾತೆ ಮಾಡಿಸುವುದು ಎಲ್ಲರಿಗೂ ಗೊತ್ತು. ಡೊಮೇನಿಗೆ ಅಂಥ ಕಚೇರಿಯಿಲ್ಲ. ಗುಪ್ತಪದ ಗೊತ್ತಿಲ್ಲದ ಮಕ್ಕಳು ಮರಣ ಪ್ರಮಾಣಪತ್ರ, ವಾರಸುದಾರಿಕೆಯ ಕಾಗದಗಳನ್ನು ಹಿಡಿದು ರಿಜಿಸ್ಟ್ರಾರ್ ಕಂಪನಿಯೊಡನೆ ಪತ್ರವ್ಯವಹಾರ ನಡೆಸುವಷ್ಟರಲ್ಲಿ ಅವಧಿಯೇ ಮುಗಿದಿರಬಹುದು. ರಿಜಿಸ್ಟ್ರಾರ್ ಕಂಪನಿಯ ಹೆಸರು, ಖಾತೆಯ ಇ-ಮೇಲ್, ಗುಪ್ತಪದ, ನವೀಕರಣದ ದಿನಾಂಕ, ಹೋಸ್ಟಿಂಗ್ ಎಲ್ಲಿದೆ ಎಂಬ ಐದು ವಿವರಗಳನ್ನು ಕಾಗದದ ಮೇಲೆ ಬರೆದು ಲಕೋಟೆಯಲ್ಲಿ ಹಾಕಿ, ಪಹಣಿ, ಪಾಸ್‌ಪುಸ್ತಕಗಳಿರುವ ಪೆಟ್ಟಿಗೆಯಲ್ಲಿ ಇಡಬೇಕು. ಗುಪ್ತಪದ ಬದಲಾಯಿಸಿದ ದಿನವೇ ಆ ಕಾಗದವನ್ನೂ ತಿದ್ದಬೇಕು.